ಪೋಕರ್ ಪದಗಳನ್ನು ಕನ್ನಡಕ್ಕೆ ತರಲು ಹೋಗಿ ಕಲಿತದ್ದು

2020ರ ಮಳೆಗಾಲದಲ್ಲಿ ನನ್ನ ಕೈಗೆ ಒಂದು ಎಕ್ಸೆಲ್ ಹಾಳೆ ಬಂತು. ಎಡಗಡೆ ಇಂಗ್ಲಿಷಿನ ಸುಮಾರು ಮೂರು ಸಾವಿರ ಸಾಲು, ಬಲಗಡೆ ಪೂರ್ತಿ ಖಾಲಿ. ದುಡ್ಡು ಕಟ್ಟಿ ಪೋಕರ್ ಆಡುವ ಆ್ಯಪ್ ಒಂದರ ಪರದೆಯಲ್ಲಿ ಕಾಣುವ ಪ್ರತಿ ಮಾತನ್ನೂ ಕನ್ನಡಕ್ಕೆ ತರಬೇಕಿತ್ತು. ಲಾಕ್‌ಡೌನಿನಿಂದ ಬೇರೆ ಅನುವಾದದ ಕೆಲಸಗಳೆಲ್ಲ ನಿಂತುಹೋಗಿದ್ದವು. ಪದಕ್ಕೆ ಒಂದೂವರೆ ರೂಪಾಯಿ ಎಂದರು, ಒಪ್ಪಿಕೊಂಡೆ.

ಇಸ್ಪೀಟು ನನಗೆ ಹೊಸದಾಗಿರಲಿಲ್ಲ. ಸಾಗರದ ಕಡೆಯ ನಮ್ಮ ಮನೆಯಲ್ಲಿ ದೀಪಾವಳಿಯ ರಾತ್ರಿ ಜಗಲಿಯ ಮೇಲೆ ಕಂಬಳಿ ಹಾಸಿ ಮೂರೆಲೆಯ ಆಟ ಆಡುತ್ತಿದ್ದರು. ಎಕ್ಕ, ರಾಜ, ರಾಣಿ, ಗುಲಾಮ. ಇಸ್ಪೀಟು, ಆಟೀನು, ಡೈಮನ್ನು, ಕಳಾವರು. ಈ ಪದಗಳನ್ನು ನಾನು ಮಗ್ಗಿಗಿಂತ ಮೊದಲು ಕಲಿತಿರಬಹುದು. ಹಾಗಾಗಿ ಗೊತ್ತಿದೆ ಎಂದುಕೊಂಡೇ ಶುರು ಮಾಡಿದೆ. ಆ ಹಾಳೆಯ ಜೊತೆ ಐದು ವರ್ಷ ಕಳೆದೆ. ಈಗ ಆ ಆಟವೇ ನಿಂತಿದೆ, ನನ್ನ ತಪ್ಪುಗಳ ಪಟ್ಟಿ ಉಳಿದಿದೆ. ಬ್ಯಾಂಕು, ವಿಮೆ, ಸಾಲ ಎಂದು ದುಡ್ಡು ಓಡಾಡುವ ಯಾವುದಾದರೂ ಆ್ಯಪ್‌ಗೆ ಕನ್ನಡ ಬರೆಯುವವರಿಗೆ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಇಡುತ್ತಿದ್ದೇನೆ.

1. ಆಟ ನೋಡುವ ಮೊದಲು ನಿಘಂಟು ತೆರೆಯಬಾರದು

ಮೊದಲ ದಿನವೇ ಇನ್ನೂರು ಸಾಲು ಮುಗಿಸಿದೆ. ಫೋಲ್ಡ್ ಎಂದರೆ ‘ಮಡಚಿ’. ಕಾಲ್ ಎಂದರೆ ‘ಕರೆ ಮಾಡಿ’. ಚೆಕ್ ಎಂದರೆ ‘ಪರಿಶೀಲಿಸಿ’. ಪಾಟ್‌ಗೆ ‘ಮಡಕೆ’, ರಿವರ್‌ಗೆ ‘ನದಿ’. ಯಾವ ಮಾತು ಯಾವ ಪರದೆಯಲ್ಲಿ ಬರುತ್ತದೆಂದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಕೇಳಬೇಕು ಎಂದು ನನಗೂ ಹೊಳೆಯಲಿಲ್ಲ.

ಆಟ ಹೀಗಿದೆ. ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಎಲೆ ಗುಟ್ಟಾಗಿ ಬರುತ್ತವೆ. ಆಮೇಲೆ ಎಲ್ಲರಿಗೂ ಕಾಣುವಂತೆ ನಡುವೆ ಒಟ್ಟಿಗೆ ಮೂರು ಎಲೆ ಬೀಳುತ್ತವೆ, ಅದು ಫ್ಲಾಪ್. ನಾಲ್ಕನೆಯದು ಟರ್ನ್, ಐದನೆಯದು ರಿವರ್. ಈ ಏಳರಲ್ಲಿ ಒಳ್ಳೆಯ ಐದೆಲೆ ಯಾರಿಗೆ ಕೂಡುತ್ತದೋ ಅವರಿಗೆ ನಡುವೆ ಬಿದ್ದ ದುಡ್ಡು. ಆ ದುಡ್ಡಿನ ರಾಶಿಯೇ ಪಾಟ್. ಒಂದೊಂದು ಹಂತದಲ್ಲೂ ಆಡುವವನ ಮುಂದೆ ಕೆಲವೇ ದಾರಿ: ಯಾರೂ ದುಡ್ಡು ಹಾಕಿಲ್ಲವಾದರೆ ತಾನೂ ಹಾಕದೆ ಸರದಿ ದಾಟಿಸುವುದು ಚೆಕ್. ಎದುರಿನವನು ಹಾಕಿದ್ದಕ್ಕೆ ಸರಿಸಮ ಹಾಕುವುದು ಕಾಲ್, ಹೆಚ್ಚಿಸುವುದು ರೇಸ್, ಎಲೆ ಕೆಳಗಿಟ್ಟು ಆ ಕೈಯಿಂದ ಹೊರಗೆ ಬರುವುದು ಫೋಲ್ಡ್.

ಪ್ರಯೋಗಕ್ಕೆಂದು ಮಾಡಿದ ಆ್ಯಪನ್ನು ನನ್ನ ಅಕ್ಕನ ಗಂಡನಿಗೆ ಕಳಿಸಿದೆ. ಭಾವ ಇಸ್ಪೀಟಿನಲ್ಲಿ ಪಳಗಿದವರು, ಇಂಗ್ಲಿಷ್ ಓದುವವರಲ್ಲ. ‘ಪರಿಶೀಲಿಸಿ’ ಎಂಬುದನ್ನು ನಿಯಮ ತೋರಿಸುತ್ತದೆಂದು ಒತ್ತಿದರಂತೆ, ಸರದಿ ದಾಟಿಹೋಯಿತು. ‘ಕರೆ ಮಾಡಿ’ ಒತ್ತಿದರೆ ಕಂಪನಿಯವರಿಗೆ ಫೋನ್ ಹೋಗುತ್ತದೆಂದುಕೊಂಡರು, ನಾನೂರು ಹೋಯಿತು. ಪುಣ್ಯಕ್ಕೆ ಅವು ಬರೀ ಆಟದ ಬಿಲ್ಲೆಗಳು. “ಫೋಲ್ಡ್‌ಗೆ ಪ್ಯಾಕ್ ಅಂತ ಹಾಕೋಕೆ ಏನು ಕಷ್ಟ ಮಾರಾಯ? ಎಲೆ ಹಿಡಿದವರಿಗೆಲ್ಲ ಗೊತ್ತು” ಎಂದರು. ಹೌದು, ಮೂರೆಲೆಯ ಆಟದಲ್ಲಿ ನಾವೆಲ್ಲ ಪ್ಯಾಕ್ ಎಂದೇ ಹೇಳುತ್ತಾ ಬೆಳೆದವರು. ಆ ಪದ ಮೇಜಿನ ಮುಂದೆ ನನ್ನ ಬಾಯಲ್ಲಿತ್ತು. ಬರೆಯಲು ಕುಳಿತಾಗ ಅದು ಕನ್ನಡ ಅಲ್ಲವೆಂದು ದೂರ ಇಟ್ಟಿದ್ದೆ.

ಕೊನೆಗೆ ಗುಂಡಿಗಳ ಮೇಲೆ ಎರಡು ಸಾಲು ಬಂದವು. ಮೇಲೆ ‘ಚೆಕ್’, ಕೆಳಗೆ ಸಣ್ಣದಾಗಿ ‘ದುಡ್ಡು ಹಾಕದೆ ಮುಂದಕ್ಕೆ’. ಮೇಲೆ ‘ಕಾಲ್’, ಕೆಳಗೆ ‘₹40 ಸರಿಸಮ ಹಾಕಿ’. ಮೇಲೆ ‘ಪ್ಯಾಕ್’, ಕೆಳಗೆ ಏನೂ ಇಲ್ಲ. ಅದಕ್ಕೆ ಬೇಕಾಗಿರಲಿಲ್ಲ.

2. ಮೊದಲೇ ಗೊತ್ತಿರುವ ಪದ ಹೆಚ್ಚು ಮೋಸ ಮಾಡುತ್ತದೆ

ಭಾವನ ಮಾತು ಕೇಳಿದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಕನ್ನಡಿಗರ ಬಾಯಲ್ಲಿರುವ ಪದಗಳನ್ನೆಲ್ಲ ಹಾಗೇ ಬಿಟ್ಟೆ. ಅದರಲ್ಲಿ ಮೊದಲನೆಯದು ಬ್ಲೈಂಡ್. ಮೂರೆಲೆಯಲ್ಲಿ ಬ್ಲೈಂಡ್ ಎಂದರೆ ಎಲೆ ತಿರುಗಿಸಿ ನೋಡದೆ ದುಡ್ಡು ಹಾಕುವುದು. ಅದು ಆಡುವವನ ಧೈರ್ಯ, ಅವನ ಇಷ್ಟ. ಪೋಕರಿನಲ್ಲಿ ಅದು ಕಡ್ಡಾಯ. ಎಲೆ ಹಂಚುವವನ ಗುರುತಿನ ಬಿಲ್ಲೆ ಯಾರ ಮುಂದಿದೆಯೋ ಅವನ ಎಡಗಡೆಯ ಇಬ್ಬರು ಎಲೆ ಬರುವ ಮೊದಲೇ ಕಟ್ಟಬೇಕಾದ ಮೊತ್ತ. ಮೊದಲನೆಯವನದು ಸಣ್ಣದು, ಎರಡನೆಯವನದು ದೊಡ್ಡದು. ಮೇಜಿನ ಹೆಸರೇ ಅದರ ಮೇಲೆ: ಐದು-ಹತ್ತರ ಮೇಜು ಎಂದರೆ ಸಣ್ಣ ಬ್ಲೈಂಡ್ ಐದು ರೂಪಾಯಿ, ದೊಡ್ಡದು ಹತ್ತು.

“ನಾನು ಎಲೆ ನೋಡಿಯೇ ಆಡಿದ್ದು, ಬ್ಲೈಂಡ್ ಅಂತ ಯಾಕೆ ದುಡ್ಡು ಮುರಿದುಕೊಂಡರು?” ಎಂಬ ಪ್ರಶ್ನೆ ಆ್ಯಪ್‌ನವರಿಗೆ ಮತ್ತೆ ಮತ್ತೆ ಬಂತು. ಉತ್ತರ ಬರೆಯಲು ಅದನ್ನು ನನಗೇ ಕಳಿಸಿದಾಗಲೇ ನನಗೆ ಆ ವ್ಯತ್ಯಾಸ ತಿಳಿದದ್ದು.

ಆಲ್-ಇನ್‌ಗೂ ಹೀಗೇ ಆಯಿತು. ‘ಎಲ್ಲಾ ಒಳಗೆ’ ಎಂದು ಬರೆದಿದ್ದೆ. ಜಾತ್ರೆಯಲ್ಲಿ ಅಂದರ್-ಬಾಹರ್ ನೋಡಿದವರಿಗೆ ‘ಒಳಗೆ’ ಎಂದರೆ ಒಂದು ಪಕ್ಕ. ಆ ಮಾತನ್ನು ‘ಇರುವುದೆಲ್ಲ ಹಾಕಿ’ ಎಂದು ತಿದ್ದಿದೆ. ಕಂಪನಿಯವರಿಗೆ ಅದು ಹೆದರಿಸುವ ಮಾತಾಗಿ ಕೇಳಿಸಿತು. ಹೆದರಬೇಕಾದ ಗುಂಡಿಯೇ ಅದು ಎಂದು ವಾದಿಸಿ ಉಳಿಸಿಕೊಂಡೆ.

3. ಮೂಲದಲ್ಲಿ ತಪ್ಪಿದೆ ಎನ್ನಿಸಿದರೆ ಮೊದಲು ಎಣಿಸಿ ನೋಡಬೇಕು

ಇದು ನಾನು ಮಾಡಿದ ದೊಡ್ಡ ತಪ್ಪು, ಆದರೆ ಹೆಚ್ಚು ಕಲಿಸಿದ್ದೂ ಇದೇ.

ಸಹಾಯದ ಪುಟದಲ್ಲಿ ಯಾವ ಕೈ ದೊಡ್ಡದು, ಯಾವುದು ಚಿಕ್ಕದು ಎಂಬ ಪಟ್ಟಿ ಇತ್ತು. ಅದರಲ್ಲಿ ಫ್ಲಶ್, ಅಂದರೆ ನಮ್ಮ ಕಲರ್, ಮೇಲಿತ್ತು. ಸ್ಟ್ರೇಟ್, ಅಂದರೆ ನಮ್ಮ ಸೀಕ್ವೆನ್ಸ್, ಅದರ ಕೆಳಗಿತ್ತು. ಬಾಲ್ಯದಿಂದ ನನಗೆ ಗೊತ್ತಿದ್ದದ್ದು ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು ಎಂದು. ಟೈಪು ಮಾಡಿದವರು ಸಾಲು ಹಿಂದುಮುಂದು ಮಾಡಿದ್ದಾರೆಂದು ತೀರ್ಮಾನಿಸಿ, ಯಾರನ್ನೂ ಕೇಳದೆ ಎರಡನ್ನೂ ಅದಲುಬದಲು ಮಾಡಿದೆ. ಆ ಪುಟ ಹಾಗೇ ಜನರ ಮುಂದೆ ಹೋಯಿತು. ಕಲರ್ ಕೈಯಲ್ಲಿದ್ದೂ ಪ್ಯಾಕ್ ಮಾಡಿದವರು, ಸೀಕ್ವೆನ್ಸ್ ನಂಬಿ ಇದ್ದದ್ದೆಲ್ಲ ಹಾಕಿದವರು ಎಷ್ಟು ಜನವೋ! ಹನ್ನೊಂದು ದಿನದ ಮೇಲೆ ಒಬ್ಬರು ಚಿತ್ರ ತೆಗೆದು ಕಳಿಸಿದಾಗ ಸರಿಪಡಿಸಿದ್ದು.

ಆಮೇಲೆ ಕುಳಿತು ಎಣಿಸಿದೆ. ಐವತ್ತೆರಡು ಎಲೆಯಿಂದ ಮೂರು ಎಲೆ 22,100 ಬಗೆಯಲ್ಲಿ ಬರಬಹುದು. ಅದರಲ್ಲಿ ಬರೀ ಕಲರ್ 1,096, ಬರೀ ಸೀಕ್ವೆನ್ಸ್ 720. ಸೀಕ್ವೆನ್ಸ್ ಅಪರೂಪ, ಅದಕ್ಕೇ ದೊಡ್ಡದು. ಐದು ಎಲೆಗೆ ಬಂದರೆ 25,98,960 ಬಗೆ. ಅದರಲ್ಲಿ ಸೀಕ್ವೆನ್ಸ್ 10,200, ಕಲರ್ ಹೆಚ್ಚುಕಡಿಮೆ ಅದರ ಅರ್ಧ, 5,108. ಐದೂ ಎಲೆ ಒಂದೇ ಜಾತಿಯವಾಗುವುದು ಕಷ್ಟ. ಹಾಗಾಗಿ ಐದೆಲೆಯ ಆಟದಲ್ಲಿ ಕಲರ್ ದೊಡ್ಡದಾಯಿತು. ನಮ್ಮ ಜಗಲಿಯ ನಿಯಮವೂ ಸರಿ, ಹಾಳೆಯಲ್ಲಿದ್ದ ನಿಯಮವೂ ಸರಿ. ಎಲೆಯ ಸಂಖ್ಯೆ ಬದಲಾದರೆ ಅಪರೂಪದ ಅಳತೆಯೇ ಬದಲಾಗುತ್ತದೆ ಎನ್ನುವುದು ಎಷ್ಟು ಚೆಂದದ ವಿಷಯ! ಆ ಹನ್ನೊಂದು ದಿನ ಇಲ್ಲದಿದ್ದರೆ ಅದನ್ನು ಇನ್ನೂ ಸಂತೋಷದಿಂದ ಹೇಳುತ್ತಿದ್ದೆ. ಕೊನೆಗೆ ಆ ಪಟ್ಟಿಯ ಮೇಲೆ ‘ಮೂರೆಲೆಯ ಆಟದಲ್ಲಿ ಸೀಕ್ವೆನ್ಸ್ ದೊಡ್ಡದು, ಇಲ್ಲಿ ಕಲರ್ ದೊಡ್ಡದು’ ಎಂಬ ಒಂದು ಸಾಲು ಸೇರಿಸಿದೆ. ಇಂಗ್ಲಿಷ್ ಹಾಳೆಯಲ್ಲಿ ಅದು ಇರಲಿಲ್ಲ, ಅಲ್ಲಿ ಓದುವವರಿಗೆ ಅದು ಬೇಕಾಗಿಯೂ ಇರಲಿಲ್ಲ.

4. ಔಟ್ ಎಂದರೆ ನಮಗೆ ಕ್ರಿಕೆಟ್ಟೇ ನೆನಪಾಗುವುದು

ನಿಮ್ಮ ಕೈಯಲ್ಲಿ ಎರಡು ಆಟೀನು, ಫ್ಲಾಪಿನಲ್ಲಿ ಎರಡು ಆಟೀನು. ಇನ್ನೊಂದು ಬಂದರೆ ಕಲರ್. ಹದಿಮೂರರಲ್ಲಿ ನಾಲ್ಕು ಕಂಡಿವೆ, ಉಳಿದದ್ದು ಒಂಬತ್ತು. ಈ ಒಂಬತ್ತು ಎಲೆಗಳಿಗೆ ಪೋಕರಿನಲ್ಲಿ ಔಟ್ಸ್ ಎನ್ನುತ್ತಾರೆ. ‘ನಿಮಗೆ 9 ಔಟ್‌ಗಳಿವೆ’ ಎಂದು ಬರೆದಿದ್ದೆ. ಔಟಾಯಿತು ಎಂದರೆ ಆಟ ಮುಗಿಯಿತು ಎಂದು ತಿಳಿಯುವ ನಾಡಿನಲ್ಲಿ ಆ ಸಾಲು ಒಳ್ಳೆಯ ಸುದ್ದಿಯೆಂದು ಯಾರಿಗೆ ಗೊತ್ತಾಗಬೇಕು? ಕೊನೆಗೆ ಸಿಕ್ಕಿದ್ದು ‘ಕೈಹಿಡಿಯುವ ಎಲೆ’. ಐದು ವರ್ಷದಲ್ಲಿ ನನಗೆ ಪೂರ್ತಿ ಸಮಾಧಾನ ಕೊಟ್ಟ ಪದ ಇದೊಂದೇ.

ಪದ ಸಿಕ್ಕರೂ ಲೆಕ್ಕ ಕೂಡಲೇ ಬರಲಿಲ್ಲ. ಕಾಣದ ಎಲೆ 47, ಕೈಹಿಡಿಯುವವು 9. ಮುಂದಿನ ಎಲೆಯಲ್ಲಿ ಕಲರ್ ಆಗುವ ಸಾಧ್ಯತೆ ನೂರಕ್ಕೆ ಹತ್ತೊಂಬತ್ತು, ಹೆಚ್ಚುಕಡಿಮೆ ಐದಕ್ಕೆ ಒಂದು ಸಲ. ನಡುವೆ ನೂರು ರೂಪಾಯಿ ಇದೆ, ಎದುರಿನವನು ಐವತ್ತು ಹಾಕಿದ, ನಾನೂ ಐವತ್ತು ಹಾಕಬೇಕು. ಐವತ್ತು ಕೊಟ್ಟು ನೂರೈವತ್ತಕ್ಕೆ ಆಸೆಪಡುವವನು ನಾಲ್ಕಕ್ಕೆ ಒಂದು ಸಲವಾದರೂ ಗೆಲ್ಲಬೇಕು. ನನಗಿರುವುದು ಐದಕ್ಕೆ ಒಂದು. ಹಾಗಾಗಿ ಈ ಒಂದು ಎಲೆಗಾಗಿಯೇ ಹಾಕುವುದಾದರೆ ಬಿಡಬೇಕು. ಈ ಲೆಕ್ಕವನ್ನು ನಾನು ಸಹಾಯದ ಪುಟಕ್ಕೆ ತಪ್ಪಿಲ್ಲದೆ ಅನುವಾದಿಸಿದ್ದೆ. ಆಡಲು ಕುಳಿತಾಗ ಒಮ್ಮೆಯೂ ಬಿಡಲಿಲ್ಲ.

5. ಒತ್ತಕ್ಷರಕ್ಕೆ ಜಾಗ ಕೇಳಿ ಪಡೆಯಬೇಕು

ಗುಂಡಿಗಳನ್ನು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಮಾಡಿರುತ್ತಾರೆ. ‘ಮೊತ್ತ’ ಎಂದು ಬರೆದರೆ ಕೆಳಗಿನ ಒತ್ತು ಕತ್ತರಿಸಿ ‘ಮೊತ’ ಎಂದು ಕಾಣುತ್ತದೆ. ಆರು ತಿಂಗಳು ನಾನು ನನ್ನ ಕನ್ನಡವನ್ನು ಹಾಳೆಯಲ್ಲಿ ಮಾತ್ರ ನೋಡಿದ್ದೆ, ಫೋನಿನಲ್ಲಿ ನೋಡಿಯೇ ಇರಲಿಲ್ಲ. ಇದಕ್ಕೆ ಹೆಚ್ಚು ಹೇಳುವುದಿಲ್ಲ. ಫೋನಿನಲ್ಲಿ ನೋಡಿ.

6. ಟಿಲ್ಟ್ ಎಂಬ ಪದಕ್ಕೆ ಕನ್ನಡ ಸಿಕ್ಕಿದ್ದು ರಾತ್ರಿ ಎರಡು ಗಂಟೆಗೆ

ಪಿನ್‌ಬಾಲ್ ಎಂಬ ಯಂತ್ರದ ಆಟದಿಂದ ಬಂದ ಪದವಿದು. ಗೋಲಿ ತನಗೆ ಬೇಕಾದ ಕಡೆ ಉರುಳಲಿ ಎಂದು ಯಂತ್ರವನ್ನೇ ಅಲುಗಿಸಿದರೆ ಟಿಲ್ಟ್ ಎಂಬ ದೀಪ ಹತ್ತಿ ಆಟ ನಿಲ್ಲುತ್ತದೆ. ಪೋಕರಿನಲ್ಲಿ ಸೋಲಿನಿಂದ ತಲೆ ಕೆಟ್ಟು ಆಡುವವನನ್ನು ಟಿಲ್ಟ್ ಆಗಿದ್ದಾನೆ ಎನ್ನುತ್ತಾರೆ. ನಾನು ‘ವಾಲುವಿಕೆ’ ಎಂದು ಬರೆದಿದ್ದೆ.

ಕರ್ನಾಟಕದಲ್ಲಿ 2021ರ ಅಕ್ಟೋಬರ್ 5ರಿಂದ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ ಬಂತು. ಕನ್ನಡದ ಆ್ಯಪ್ ಸಿದ್ಧವಿತ್ತು, ಕನ್ನಡ ನಾಡಿನಲ್ಲೇ ತೆರೆಯುತ್ತಿರಲಿಲ್ಲ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧ ತಂದ ಕಾಯ್ದೆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಅದಾದ ಮೇಲೆ, ಪದಗಳ ಅರ್ಥ ಆಡಿದರೇ ತಿಳಿಯುವುದು ಎಂದು ನನಗೆ ನಾನೇ ಹೇಳಿಕೊಂಡು ಐದು-ಹತ್ತರ ಮೇಜಿಗೆ ಸಾವಿರ ರೂಪಾಯಿ ಹಿಡಿದು ಕುಳಿತೆ.

ಒಂದು ರಾತ್ರಿ ಕೈಯಲ್ಲಿ ಎರಡು ಒಂಬತ್ತು ಬಂದವು, ಫ್ಲಾಪಿನಲ್ಲಿ ಮೂರನೆಯದೂ ಬಂತು. ಕೈಯಲ್ಲಿ ಜೋಡಿಯಿದ್ದು ನಡುವೆ ಮೂರನೆಯದು ಬಂದರೆ ಅದಕ್ಕೆ ಸೆಟ್ ಎನ್ನುತ್ತಾರೆ. ಎದುರಿನವನಿಗೆ ಅದು ಕಾಣುವುದೇ ಇಲ್ಲ. ಇದ್ದದ್ದೆಲ್ಲ ಹಾಕಿದೆ. ಕೊನೆಯ ಎಲೆ ಇಸ್ಪೀಟು ಬಿದ್ದು ಅವನಿಗೆ ಕಲರ್ ಆಯಿತು. ನಾನು ಆಡಿದ್ದು ತಪ್ಪಾಗಿರಲಿಲ್ಲ. ಎದ್ದು ಹೋಗಿದ್ದರೆ ಹೋದದ್ದು ಸಾವಿರ ಅಷ್ಟೇ. ಆದರೆ ಆಟೋ ಟಾಪ್-ಅಪ್ ಎಂಬ ಚೌಕಕ್ಕೆ ಸರಿ ಗುರುತು ಹಾಕಿಟ್ಟಿದ್ದೆ. ಮುಂದಿನ ದುಡ್ಡು ಕೇಳದೆಯೇ ಮೇಜಿಗೆ ಬಂತು. ಅದೂ ಹೋಯಿತು, ಮತ್ತೆ ಬಂತು. ಹತ್ತೂವರೆಗೆ ಶುರುವಾದದ್ದು ಎರಡು ಗಂಟೆಗೆ ಮುಗಿದಾಗ ಹನ್ನೊಂದು ಸಾವಿರ ಹೋಗಿತ್ತು. ಅದು ಆ ತಿಂಗಳ ಮನೆ ಬಾಡಿಗೆ.

ಆ ಚೌಕದ ಮುಂದಿನ ಕನ್ನಡ ನನ್ನದೇ. ‘ಸ್ವಯಂಚಾಲಿತ ಮರುಭರ್ತಿ’ ಎಂದಿತ್ತು. ಬರೆದವನಿಗೇ ಅದು ಏನು ಮಾಡುತ್ತದೆಂದು ನಾಟಿರಲಿಲ್ಲ. ಮರುದಿನ ‘ದುಡ್ಡು ಕಡಿಮೆಯಾದಾಗಲೆಲ್ಲ ನನ್ನನ್ನು ಕೇಳದೆ ಖಾತೆಯಿಂದ ತೆಗೆದು ಹಾಕಿ’ ಎಂದು ಬದಲಿಸಿದೆ. ಟಿಲ್ಟ್‌ಗೆ ‘ಹಠಕ್ಕೆ ಬಿದ್ದು ಆಡುವುದು’ ಎಂದು ಬರೆದೆ. ಜಗಲಿಯ ಮೇಲೆ ಅಮ್ಮ ಹೇಳುತ್ತಿದ್ದ ಮಾತು ಅದು. “ಹಠಕ್ಕೆ ಬಿದ್ದಿದಾನೆ, ಯಾರಾದ್ರೂ ಎಬ್ಬಿಸ್ರೋ” ಎನ್ನುತ್ತಿದ್ದಳು. ಫೋನಿನಲ್ಲಿ ಆಡುವವನನ್ನು ಎಬ್ಬಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

7. ಕಮಿಷನ್ ಅನ್ನು ಕಮಿಷನ್ ಎಂದೇ ಬರೆಯಬೇಕು

ಪ್ರತಿ ಪಾಟಿನಿಂದ ಆಡಿಸುವವರು ಮುರಿದುಕೊಳ್ಳುವ ಪಾಲಿಗೆ ರೇಕ್ ಎನ್ನುತ್ತಾರೆ. ತಾಂತ್ರಿಕ ಪದವೆಂದು ‘ರೇಕ್’ ಎಂದೇ ಬಿಟ್ಟಿದ್ದೆ. ಅಡಿಕೆ ಮಂಡಿಗೆ ಹೋಗಿಬಂದ ಯಾರಿಗಾದರೂ ಕಮಿಷನ್ ಎಂದರೆ ಸಾಕಿತ್ತು. ಲೆಕ್ಕ ಹೀಗಿಟ್ಟುಕೊಳ್ಳಿ: ಆರು ಜನ ಸಾವಿರ ಸಾವಿರ ತಂದರು, ಮೇಜಿನ ಮೇಲೆ ಆರು ಸಾವಿರ. ಒಂದು ಕೈಗೆ ಸರಾಸರಿ ಹತ್ತು ರೂಪಾಯಿ ರೇಕ್, ಗಂಟೆಗೆ ಅರವತ್ತು ಕೈ. ಹೊಸ ದುಡ್ಡು ಬರದೆ ಹೀಗೇ ಆಡಿದರೆ ಹತ್ತು ಗಂಟೆಗೆ ಆ ಆರು ಸಾವಿರವೂ ಮೇಜಿನಿಂದ ಹೋಗಿರುತ್ತದೆ. ಯಾರು ಯಾರನ್ನು ಗೆದ್ದರೂ ಇದು ತಪ್ಪುವುದಿಲ್ಲ. ಇದರ ಮೇಲೆ 2023ರ ಏಪ್ರಿಲ್‌ನಿಂದ ಗೆಲುವಿನ ಮೇಲೆ ಶೇ 30 ಟಿಡಿಎಸ್, ಅದೇ ವರ್ಷದ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಬಂತು.

ಬೋನಸ್ ಎಂಬ ಪದ ಇದಕ್ಕಿಂತ ಕೆಟ್ಟದ್ದು. ಕಾರ್ಖಾನೆಯಲ್ಲಿ ದುಡಿಯುವವರಿಗೆ ಬೋನಸ್ ಎಂದರೆ ಹಬ್ಬದ ಮುಂದೆ ಕೈಗೆ ಬರುವ ದುಡ್ಡು. ಇಲ್ಲಿಯ ಬೋನಸ್ ಬೀಗ ಹಾಕಿದ್ದು. ಇಷ್ಟು ರೇಕ್ ಕಟ್ಟಿದರೆ ಇಷ್ಟು ಬಿಡುಗಡೆ ಎಂಬ ಷರತ್ತು ಅದರ ಹಿಂದೆ ಇರುತ್ತಿತ್ತು. ಆ ಷರತ್ತನ್ನು ನಾನು ಸಣ್ಣ ಅಕ್ಷರದ, ಉದ್ದ ವಾಕ್ಯದ ಕಚೇರಿ ಕನ್ನಡದಲ್ಲಿ ಬರೆದಿದ್ದೆ. ತಪ್ಪೇನೂ ಇರಲಿಲ್ಲ, ಅರ್ಥವೂ ಆಗುತ್ತಿರಲಿಲ್ಲ.

8. ಗೆದ್ದವನ ಕಥೆ ಬರೆಯುವಾಗ ಉಳಿದವರನ್ನೂ ಎಣಿಸಬೇಕು

ಸ್ಯಾಟಲೈಟ್ ಎಂದರೆ ಸಣ್ಣ ಶುಲ್ಕದ ಪಂದ್ಯ. ಗೆದ್ದವನಿಗೆ ದೊಡ್ಡ ಪಂದ್ಯದಲ್ಲಿ ಜಾಗ ಸಿಗುತ್ತದೆ. ನಾನು ಅದನ್ನು ‘ಉಪಗ್ರಹ ಪಂದ್ಯ’ ಮಾಡಿದ್ದೆ. ಆ ಪದ ಬೇಗ ತಿದ್ದಿದೆ. ಅದರ ಜೊತೆ ಬರೆದ ಕಥೆ ಈಗಲೂ ಕೊರೆಯುತ್ತದೆ. ಅಮೆರಿಕದ ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ 86 ಡಾಲರಿನ ಆನ್‌ಲೈನ್ ಸ್ಯಾಟಲೈಟ್ ಗೆದ್ದು, 10,000 ಡಾಲರ್ ಪ್ರವೇಶ ಶುಲ್ಕದ ವಿಶ್ವ ಪಂದ್ಯಕ್ಕೆ ಲಾಸ್ ವೇಗಸ್‌ಗೆ ಹೋಗಿ, 2003ರಲ್ಲಿ 25 ಲಕ್ಷ ಡಾಲರ್ ಗೆದ್ದರು. ಮರುವರ್ಷ ಆ ಪಂದ್ಯಕ್ಕೆ ಬಂದವರು 839ರಿಂದ 2,576ಕ್ಕೆ ಏರಿದರು. ಎಲ್ಲವೂ ನಿಜ. ‘ನೀವೂ ಆಗಬಹುದು’ ಎಂಬ ಕೊನೆಯ ಸಾಲು ಹಾಳೆಯಲ್ಲಿರಲಿಲ್ಲ. ಅದು ನಾನೇ ಸೇರಿಸಿದ್ದು, ಚೆನ್ನಾಗಿ ಕೇಳಿಸುತ್ತದೆಂದು. ಉಳಿದ 838 ಜನರ ಬಗ್ಗೆ ಅರ್ಧ ಸಾಲು ಬರೆಯಬೇಕೆನ್ನಿಸಲಿಲ್ಲ.

9. ಹೊರಗೆ ಹೋಗುವ ಬಾಗಿಲಿನ ಮೇಲಿನ ಪದವನ್ನು ಮೊದಲು ಬರೆಯಬೇಕು

ಹಾಳೆಯ ಕೊನೆಯಲ್ಲಿ ಅರವತ್ತು ಸಾಲು ಇದ್ದವು. ದಿನಕ್ಕೆ ಇಷ್ಟೇ ಕಟ್ಟುತ್ತೇನೆಂದು ಮಿತಿ ಹಾಕಿಕೊಳ್ಳುವುದು, ಸ್ವಲ್ಪ ದಿನ ದೂರ ಇರುವುದು, ಖಾತೆ ಮುಚ್ಚುವುದು. ಕೊನೆಯ ದಿನ, ಗಡುವಿನ ಸಂಜೆ, ಒಂದೇ ಸಲಕ್ಕೆ ಕುಳಿತು ಮುಗಿಸಿದೆ. ಸೆಲ್ಫ್-ಎಕ್ಸ್‌ಕ್ಲೂಷನ್ ಎಂಬುದಕ್ಕೆ ‘ಸ್ವಯಂ ಬಹಿಷ್ಕಾರ’ ಎಂದು ಬರೆದೆ.

ಭಾವ ನನಗಾಗಿ ಆ್ಯಪ್ ನೋಡಿಕೊಟ್ಟವರು ಎಂದೆನಲ್ಲ, 2022ರ ಬೇಸಿಗೆಯಲ್ಲಿ ಅವರೇ ನಿಜವಾದ ದುಡ್ಡು ಕಟ್ಟಿ ಆಡಲು ಶುರು ಮಾಡಿದ್ದರು. ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ. ಎಂಟು ತಿಂಗಳಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಲಕ್ಷದ ಎಂಬತ್ತು ಸಾವಿರ ಹೋಗಿತ್ತು. ಮುಂದಿನ ವರ್ಷ ಊರಿಗೆ ಹೋದಾಗ, ತೋಟದ ದಾರಿಯಲ್ಲಿ, ಅವರೇ ಹೇಳಿದರು. ಬೈಯಲಿಲ್ಲ. ನಿಲ್ಲಿಸಬೇಕೆಂದು ಎರಡು ಸಲ ಆ ಪುಟದವರೆಗೆ ಹೋಗಿದ್ದರಂತೆ. “ಬಹಿಷ್ಕಾರ ಅಂತಿತ್ತು. ಒತ್ತಿದರೆ ಎಲ್ಲಿ ಹೆಸರು ಹಾಕ್ತಾರೋ, ಊರಿಗೆ ಗೊತ್ತಾಗುತ್ತೋ ಅಂತ ವಾಪಸ್ ಬಂದೆ” ಎಂದರು.

ಊರಿನಲ್ಲಿ ಒಂದು ಮನೆಗೆ ನೀರು-ಬೆಂಕಿ ನಿಲ್ಲಿಸುವ ಪದ ಅದು. ಚಿಕ್ಕಂದಿನಲ್ಲಿ ಅದನ್ನು ದೊಡ್ಡವರು ದನಿ ತಗ್ಗಿಸಿ ಹೇಳುವುದನ್ನು ಕೇಳಿದ್ದವನು ನಾನು. ಸೋತು, ನಾಚಿ, ಹೇಗಾದರೂ ಹೊರಗೆ ಬರಬೇಕೆಂದು ಬಂದವನ ಮುಂದೆ ಅದೇ ಪದವನ್ನು ಬಾಗಿಲಿಗೆ ಬರೆದಿಟ್ಟಿದ್ದೆ. ಆ ರಾತ್ರಿಯೇ ಅರವತ್ತು ಸಾಲನ್ನೂ ಮೊದಲಿನಿಂದ ಬರೆದೆ. ‘ಆರು ತಿಂಗಳು ನನ್ನನ್ನು ಆಡಲು ಬಿಡಬೇಡಿ. ಇದು ಯಾರಿಗೂ ತಿಳಿಯುವುದಿಲ್ಲ.’ ಒಂದೊಂದನ್ನೂ ಭಾವನಿಗೆ ಓದಿ ಹೇಳಿದೆ. ಅವರು ಮೂರು ಕಡೆ ತಿದ್ದಿದರು.

2025ರ ಆಗಸ್ಟ್ 22ರಂದು ಕೇಂದ್ರದ ಹೊಸ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ಅದು ನಿಷೇಧಿಸಿತು. ಮೇಜುಗಳು ಮುಚ್ಚಿದವು. ನನಗೆ ಬಂದ ಕೊನೆಯ ಕೆಲಸ ಒಂದು ಸೂಚನೆ: ಖಾತೆಯಲ್ಲಿ ಉಳಿದ ದುಡ್ಡನ್ನು ತೆಗೆದುಕೊಳ್ಳಿ ಎಂದು. ‘ನಿಮ್ಮ ದುಡ್ಡು ನಿಮ್ಮದೇ. ಬ್ಯಾಂಕಿಗೆ ಕಳಿಸಿಕೊಳ್ಳಲು ಇಲ್ಲಿ ಒತ್ತಿ. ಮೊದಲು ಕೆವೈಸಿ ಮುಗಿಸಿ’ ಎಂದು ಬರೆದು ಭಾವನಿಗೆ ಫೋನ್ ಮಾಡಿ ಓದಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಎಲ್ಲ ಸರಿ. ಕೆವೈಸಿಗೆ ಯಾವ ಕಾಗದ ಕೇಳ್ತಾರೆ ಅಂತ ಬರಿ. ಆಧಾರೋ, ಪ್ಯಾನೋ? ಅದು ಗೊತ್ತಾಗದಿದ್ರೆ ನನ್ನಂಥೋರು ಅಲ್ಲೇ ನಿಲ್ತಾರೆ.”

ಬರೆದು ಕಳಿಸಿದೆ.